ಕೌಂಟರಿನಲ್ಲಿ ಬಿಟ್ಟುಬಂದ ಮುಖ

ಬಿಬವೇವಾಡಿಯ ಶಿವಪುತ್ರಪ್ಪನವರ ಕೈಗೆ ಯಾರಾದರೂ ಫೋಟೋ ಕೊಟ್ಟರೆ ಅವರು ಅದನ್ನು ನೋಡುವುದಿಲ್ಲ. ನೆಗೆಟಿವ್ ಎಲ್ಲಿ ಎಂದು ಕೇಳುತ್ತಾರೆ. ಕೊಟ್ಟರೋ, ಕನ್ನಡಕವನ್ನು ಹಣೆಗೇರಿಸಿ, ಪಟ್ಟಿಯ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆತ್ತಿ, ಎದುರಿಗೆ ಕುಳಿತವರ ಚಹಾ ತಣ್ಣಗಾಗುವವರೆಗೂ ಅಲುಗದೆ ನಿಂತಿರುತ್ತಾರೆ. ಸುಡುಬಿಸಿಲಲ್ಲೂ ಮೈಬಿಡದ ಬೂದು ಜಾಕೀಟು, ಅದರ ಜೇಬಲ್ಲೊಂದು ಭೂತಗನ್ನಡಿ, ಅಭಿಪ್ರಾಯ ಕೇಳಿದವರಿಗೆಲ್ಲ ಮೊದಲು "ತಡೀರಿ" ಎಂಬ ಒಂದೇ ಉತ್ತರ. ಮಹಾ ಕಿರಿಕಿರಿಯ ಮನುಷ್ಯ ಎಂದು ಓಣಿಯವರು ನಗುತ್ತಾರೆ.

ನಾಲ್ಕು ವರ್ಷದ ಹಿಂದೆ ಅವರಿಗೆ ಈ ತಾಳ್ಮೆ ಇರಲಿಲ್ಲ ನೋಡಿ. ಹೊಸದೊಂದು ಕಪ್ಪು-ಬಿಳುಪು ಫಿಲ್ಮು ಪೇಟೆಗೆ ಬಂದಿತ್ತು. ಪರೀಕ್ಷೆಗೆಂದು, ಗಚ್ಚಿಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಡತಿ ಸಾವಂತ್ರವ್ವನನ್ನೇ ಕೂರಿಸಿಕೊಂಡು ಮೂವತ್ತಾರೂ ಚಿತ್ರ ತೆಗೆದರು. ಕಪ್ಪು ಮೈಬಣ್ಣದ, ಹಣೆತುಂಬ ವಿಭೂತಿಯ ಆ ತಾಯಿ, ಕೆಲಸ ಕೆಡಿಸುತ್ತೀರೆಂದು ಬೈಯುತ್ತಲೇ ನಕ್ಕಿದ್ದರು. ಅಗ್ಗಕ್ಕೆ ಸಿಗುತ್ತದೆಂದು ಮೂಲೆಯ ಲ್ಯಾಬಿನಲ್ಲಿ ಫಿಲ್ಮು ತೊಳೆಸಿ ಸ್ಕ್ಯಾನ್ ಮಾಡಿಸಿದರೆ, ಮುಖವೆಲ್ಲ ಸುಣ್ಣ ಬಳಿದ ಗೋಡೆ, ಕಣ್ಣುಗಳೆರಡೂ ಮಸಿಯ ಕುಳಿ. ಫಿಲ್ಮೇ ಕಳಪೆ ಎಂದು ಶಿವಪುತ್ರಪ್ಪ ಅಲ್ಲಿಯೇ ತೀರ್ಪು ಕೊಟ್ಟರು. ನೆಗೆಟಿವ್ ಬೇಕೇ ಎಂದು ಕೌಂಟರಿನವನು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಕೇಳಿದ:

"ನಿಗೆಟಿವ್ಹ ಪಾಹಿಜೇತ ಕಾ?"

"ನಕೋ," ಎಂದರು. ಬೇಡ. ಕಸವನ್ನು ಮನೆಗೆ ಯಾರು ಹೊರುತ್ತಾರೆ? ಒಳ್ಳೆಯ ಫಿಲ್ಮು ತಂದು ಮತ್ತೆ ತೆಗೆದರಾಯಿತೆಂದು ಹೆಂಡತಿಗೂ ಹೇಳಿದರು. ಎರಡು ತಿಂಗಳಿಗೆ ಸಾವಂತ್ರವ್ವ ಹೃದಯಾಘಾತದಿಂದ ತೀರಿಕೊಂಡರು.

ಕ್ಯಾಮೆರಾದಲ್ಲಿ, ಆ ತೀರ್ಪಿಗೆ ಮೊದಲೇ ಹಾಕಿದ್ದ ಅದೇ ಜಾತಿಯ ಇನ್ನೊಂದು ಸುರುಳಿ ಅರ್ಧಕ್ಕೆ ನಿಂತಿತ್ತು. ಖಾಲಿ ಗಚ್ಚಿ, ಮೋಡ, ಪಕ್ಕದ ಮನೆಯ ಗೋಡೆ, ಅಷ್ಟೇ. ತಿಂಗಳುಗಳ ಮೇಲೆ ಅದನ್ನು ಅದೇ ಲ್ಯಾಬಿನಲ್ಲಿ ತೊಳೆಸಿ ಸ್ಕ್ಯಾನ್ ಮಾಡಿಸಿ, ಈ ಸಲ ನೆಗೆಟಿವ್ ತಂದು ಬೆಳಕಿಗೆ ಹಿಡಿದರೆ, ಸ್ಕ್ಯಾನಿನಲ್ಲಿ ಬರೀ ಬಿಳಿಯಾಗಿದ್ದ ಮೋಡದೊಳಗೆ ಎಳೆಎಳೆಯೂ ಇತ್ತು. ಫಿಲ್ಮು ಎಲ್ಲವನ್ನೂ ಕಂಡಿತ್ತು, ಓದಲಾರದೆ ಹೋದದ್ದು ಅವಸರದ ಯಂತ್ರ. ಜಾಕೀಟು ಹಾಕಿಕೊಳ್ಳುತ್ತ ಲ್ಯಾಬಿಗೆ ಓಡಿದರು. ಯಾರೂ ಒಯ್ಯದ ನೆಗೆಟಿವ್‌ಗಳನ್ನು ತಿಂಗಳಿಗೊಮ್ಮೆ ಚೆಲ್ಲುತ್ತೇವೆಂದು ಕೌಂಟರಿನವನು ಪಾಪ, ವಿನಯದಿಂದಲೇ ಹೇಳಿದ.

ಯೆರವಡಾದ ಐಟಿ ಕಚೇರಿಯ ಮಿಥುನ, ಹಾಸನದ ಕಡೆಯವನು, ಹೀಗೆಯೇ ತನ್ನ ಫಿಲ್ಮನ್ನು ಶಪಿಸುತ್ತ ಇವರಲ್ಲಿಗೆ ಬಂದು, ಬೈಸಿಕೊಂಡು, ಕಲಿತು, ಆಪ್ತನಾದವನು. ಋಣ ತೀರಿಸುವ ಆಸೆಯಿಂದ ಸಾವಂತ್ರವ್ವನ ಸ್ಕ್ಯಾನನ್ನು ಒಯ್ದು, ವಾರವಿಡೀ ಕಂಪ್ಯೂಟರಿನಲ್ಲಿ ತಿದ್ದಿ ತಂದ. ಬಿಳಿ ಇಳಿದು ಕೆನ್ನೆಗೆ ನೆರಳು ಬಂದಿತ್ತು, ಕಣ್ಣಿಗೆ ಹೊಳಪೂ ಬಂದಿತ್ತು. "ಅಂಕಲ್, ಈಗ ಫೇಸ್ ಕ್ಲಿಯರ್ ಆಯ್ತು ಅಲ್ವಾ?" ಎಂದ.

ಶಿವಪುತ್ರಪ್ಪ ಭೂತಗನ್ನಡಿಯಿಟ್ಟು ಹಣೆಯ ಮೇಲೆ ಬಹಳ ಹೊತ್ತು ಹುಡುಕಿದರು.

"ಭಾಳ ಚಂದ ಮಾಡೀರಿ. ವಿಭೂತಿ ಮಾತ್ರ ಬರಲಿಲ್ಲಲ್ರಿ. ಅದಿಲ್ಲದ ಅಕಿ ಒಂದು ದಿನಾ ಹೊರಗ ಬಂದಾಕಿ ಅಲ್ಲ."

ಬಿಳಿಯೊಳಗೆ ಬಿಳಿ ಕರಗಿಹೋದ ಮೇಲೆ ತಿದ್ದುವುದಕ್ಕೆ ಏನು ಉಳಿದಿರುತ್ತದೆ? ಹುಡುಗ ಹೊರಡಲೆಂದು ಎದ್ದ. ಅವನ ಬೆನ್ನು ಸವರಿ, ಊಟ ಮಾಡಿಕೊಂಡೇ ಹೋಗಬೇಕೆಂದು ಅವರೇ ಒತ್ತಾಯ ಮಾಡಿದರು.

ಒಮ್ಮೆ ಅವಸರದಲ್ಲಿ ಬೇಡವೆಂದು ಬಿಟ್ಟುಬಂದು, ಬೇಕಾದುದೆಲ್ಲ ಅದರಲ್ಲೇ ಇತ್ತೆಂದು ತಡವಾಗಿ ತಿಳಿದವರು ಲೋಕದಲ್ಲಿ ಬಹಳ ಮಂದಿ. ಅವರ ಕಿರಿಕಿರಿಯನ್ನು ನಾವು ಸ್ವಭಾವವೆಂದು ತಿಳಿಯುತ್ತೇವೆ. ಹೆಂಡತಿಯನ್ನು ಕಳೆದುಕೊಂಡವನಿಗೆ ಊರೆಲ್ಲ ಬಂದು ಸಮಾಧಾನ ಹೇಳುತ್ತದೆ; ಅವಳ ಮುಖವನ್ನು ತಾನೇ ಬಿಟ್ಟುಬಂದವನಿಗೆ ಏನು ಹೇಳಬೇಕೆಂದು ಯಾರಿಗೂ ಗೊತ್ತಿಲ್ಲ.