ತಿದ್ದಿದ ಸಾಲಿನ ಬಣ್ಣ

ನಮ್ಮ ಚಿಕ್ಕಮ್ಮನ ದನಿ ಕೇಳದವರು ಈ ಊರಲ್ಲಿ ಯಾರೂ ಇಲ್ಲ. ರೇಡಿಯೋದಲ್ಲಿ ಸಂಜೆಯ ವಾರ್ತೆ ಓದುವವಳು ಅವಳೇ. ಅಮ್ಮನ ತಂಗಿ ಎಂದು ಹೊಗಳುತ್ತಿಲ್ಲ; ಅವಳು ಓದಿದರೆ ತರಕಾರಿ ರೇಟನ್ನೂ ಕೂತು ಕೇಳಬೇಕು ಅನ್ನಿಸುತ್ತದೆ. ಮನೆಯಲ್ಲಿ ಮಾತ್ರ ಅದೇ ದನಿಯಲ್ಲಿ ಗ್ಯಾಸ್ ಆರಿಸಿದೆಯಾ, ನಲ್ಲಿ ನಿಲ್ಲಿಸಿದೆಯಾ ಎಂದು ಕೇಳಿ ನನ್ನ ಜೀವ ತಿನ್ನುತ್ತಾಳೆ.

ಅವಳ ಕಣ್ಣು ಮಂಜಾಗುತ್ತಿರುವುದು ನನಗೊಬ್ಬಳಿಗೇ ಗೊತ್ತಿತ್ತು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಅಕ್ಷರ ದೊಡ್ಡದಾದರೆ ಸಾಲದು, ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಒಳ್ಳೇ ಅಂತರ ಇರಬೇಕು, ತೆಳು ಬಣ್ಣದಲ್ಲಿ ಬರೆದರೆ ಇವರ ಪಾಲಿಗೆ ಅಲ್ಲಿ ಏನೂ ಬರೆದಿಲ್ಲ ಎಂದೇ ಲೆಕ್ಕ, ಅಂತ ಅವರು ಬಿಡಿಸಿ ಹೇಳಿದ್ದರು. ಮೆಟ್ಟಿಲಿಳಿಯುವಾಗಲೇ ಚಿಕ್ಕಮ್ಮ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು. ರೇಡಿಯೋದವರಿಗೆ ಗೊತ್ತಾದರೆ ಮೈಕಿನ ಮುಂದಿನ ಕುರ್ಚಿ ಹೋದಂತೆಯೇ. ಆ ಕುರ್ಚಿಯಲ್ಲೇ ಅವಳ ಜೀವವೆಲ್ಲ ಇತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಗ್ರಹಚಾರ ನೋಡಿ, ಅವಳ ರೇಡಿಯೋ ಕೇಂದ್ರಕ್ಕೆ ವೆಬ್‌ಪುಟ ಮಾಡಿಕೊಡುವ ಕೆಲಸ ನಮ್ಮ ಆಫೀಸಿಗೇ ಬಂತು. ಇನ್ನು ಮೇಲೆ ಕಾಗದವಿಲ್ಲ. ಒಳಕೋಣೆಯಲ್ಲಿ ಸುದ್ದಿ ಬರೆಯುವವರು ಟೈಪು ಮಾಡಿದ್ದು ಓದುವವರ ಎದುರಿನ ಪರದೆಯಲ್ಲಿ ಮೂಡಬೇಕು. ಓದುತ್ತಿರುವಾಗಲೇ ಏನಾದರೂ ತಿದ್ದಿದರೆ ಅದೂ ಅಲ್ಲೇ ಕಾಣಬೇಕು. ಪುಟದ ಅಂದಚಂದ ನೋಡಿಕೊಳ್ಳುವ ನಮ್ಮ ಡಿಸೈನರಿಗೆ ನಾನಿಟ್ಟ ಹೆಸರು ಬೂದಿ ಸಾಹೇಬ. ಬೂದಿ ಬಣ್ಣ ಕಂಡರೆ ಅವನಿಗೆ ಅಷ್ಟು ಪ್ರಾಣ. ಅವನು ಮಾಡಿದ್ದರಲ್ಲಿ ಹುಳುಕು ಹುಡುಕುವುದೇ ನನ್ನ ಉದ್ಯೋಗ, ಕಣ್ಣು ಮಸುಕಾದವರಿಗೂ ಕೈ ನಡುಗುವವರಿಗೂ ಪುಟ ದಕ್ಕುತ್ತದೆಯೇ ಎಂದು ನೋಡುವುದು.

ಬೂದಿ ಸಾಹೇಬ ಬಿಳಿಯ ಮೇಲೆ ಬೂದಿ ಅಕ್ಷರ ಇಟ್ಟ. ಅದು ಹಾಳಾಗಲಿ, ತಿದ್ದಿದ ಸಾಲಿಗೆ ಇನ್ನೂ ತೆಳುವಾದ ಕಿತ್ತಳೆ ಬಣ್ಣ ಬಳಿದ. ಓದುವವರು ಬೆಚ್ಚಿಬೀಳಬಾರದಂತೆ. ಎಲ್ಲಕ್ಕಿಂತ ಜರೂರಾದ ಸಾಲೇ ಎಲ್ಲಕ್ಕಿಂತ ಮಸುಕು! ಕಿಟಕಿ ಮುಚ್ಚಿದ ಕೋಣೆಯಲ್ಲಿ ದುಬಾರಿ ಮಾನಿಟರಿನ ಮುಂದೆ ಕೂತವರು ಮಾತ್ರ ಮಾಡಬಹುದಾದ ತಪ್ಪು ಅದು. ನನಗೆ ಮೈ ಉರಿದುಹೋಯಿತು. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ಅನುಪಾತ ಕಡಿಮೆಯೆಂದರೂ ನಾಲ್ಕೂವರೆಗೆ ಒಂದು ಇರಬೇಕು, ನಿನ್ನ ಕಿತ್ತಳೆ ಎರಡಕ್ಕೆ ಒಂದನ್ನೂ ಮುಟ್ಟುತ್ತಿಲ್ಲ ಎಂದು ಅಳೆದು ತೋರಿಸಿದೆ. ಆ ನಿಯಮ ಸಾರ್ವಜನಿಕರ ಪುಟಕ್ಕೆ, ಇದು ಒಳಗಿನವರದ್ದು, ಅಲ್ಲಿ ಯಾರಿಗೂ ಕಣ್ಣಿನ ತೊಂದರೆ ಇಲ್ಲ, ಇದ್ದರೆ ಹೇಳುತ್ತಿದ್ದರು ಎಂದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಣೆ ನೆನಪಾಗಿ ಹಲ್ಲು ಕಚ್ಚಿ ಸುಮ್ಮನಾದೆ.

ಪ್ರಸಾರ ಮಾಡದೆ, ಬರೀ ಪರೀಕ್ಷೆಗೆ ಓದಿಸುವ ದಿನ ನಾವಿಬ್ಬರೂ ಕೇಂದ್ರಕ್ಕೆ ಹೋದೆವು. ಗಾಜಿನಾಚೆ ಚಿಕ್ಕಮ್ಮ, ಈಚೆ ನಾವು ಮತ್ತು ಕೇಂದ್ರದ ಮುಖ್ಯಸ್ಥರು. ಬಾಯಿಬಿಟ್ಟರೆ ಮುತ್ತು ಉದುರಿಹೋಗುತ್ತದೇನೋ ಎಂಬಷ್ಟು ಮಾತು ಕಡಿಮೆಯ ಮನುಷ್ಯ ಅವರು. ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿ ಕೂತು ಓದತೊಡಗಿದಳು. ಎಲ್ಲೂ ತಡೆಯಿಲ್ಲ, ತಡವರಿಕೆಯಿಲ್ಲ. ನನಗೇ ಆಶ್ಚರ್ಯ, ಇವಳಿಗೆ ಇದು ಹೇಗೆ ಕಾಣುತ್ತಿದೆ?

ನಡುವೆ ಒಳಕೋಣೆಯವರು, ಮೊದಲೇ ಮಾತಾಗಿದ್ದಂತೆ, ಒಂದು ಸಾಲು ತಿದ್ದಿದರು. ಹಳೆಯ ಸೇತುವೆ ಸಂಚಾರಕ್ಕೆ ಮುಕ್ತ ಎಂದಿದ್ದದ್ದು ಬಿರುಕು ಬಿಟ್ಟಿರುವುದರಿಂದ ಮುಚ್ಚಲಾಗಿದೆ ಎಂದು ಬದಲಾಯಿತು. ಪರದೆಯಲ್ಲಿ ಕಿತ್ತಳೆ ಸಾಲು ಮೆತ್ತಗೆ ಮೂಡಿತು. ಚಿಕ್ಕಮ್ಮ ಅದೇ ಗಂಭೀರ ದನಿಯಲ್ಲಿ ಸೇತುವೆ ಸಂಚಾರಕ್ಕೆ ಮುಕ್ತವಾಗಿದೆ ಎಂದು ಓದಿ ಮುಂದಕ್ಕೆ ಹೋದಳು. ಮುಖ್ಯಸ್ಥರ ಕಣ್ಣು ಗಡಿಯಾರದ ಮೇಲಿತ್ತು, ಬೂದಿ ಸಾಹೇಬ ತನ್ನ ಕಿತ್ತಳೆಯ ಚಂದ ನೋಡುತ್ತಿದ್ದ. ಒಬ್ಬರಿಗೂ ಗೊತ್ತಾಗಲಿಲ್ಲ. ಅವಳು ಹೊರಗೆ ಬಂದಾಗ ಭೇಷ್ ಎಂದರು.

ಎಲ್ಲರೂ ಹೊಗಳುವಾಗ ವಾಚಾಳಿಯಾದ ನಾನೊಬ್ಬಳೇ ಸುಮ್ಮನಿದ್ದದ್ದು ಅವಳಿಗೆ ತಿಳಿದುಹೋಯಿತು. ಹತ್ತಿರ ಬಂದು, ಏನಾದರೂ ತಿದ್ದಿದ್ದರಾ ಎಂದು ಮೆಲ್ಲಗೆ ಕೇಳಿದಳು. ಸುಳ್ಳು ಹೇಳಲಾಗಲಿಲ್ಲ. ಸೇತುವೆಯ ವಿಷಯ ಅವಳ ಕಿವಿಯಲ್ಲಿ ಹೇಳಿದೆ. ಅವಳು ತುಟಿ ಪಿಟಕ್ಕೆನ್ನದೆ ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಸೀದಾ ಮುಖ್ಯಸ್ಥರ ಎದುರು ಹೋಗಿ ನಿಂತಳು.

"ಸಾರ್, ನನಗೆ ಈ ಅಕ್ಷರ ಕಾಣಲ್ಲ. ಕಾಗದದಲ್ಲಿದ್ದಾಗಲೂ ಕಾಣ್ತಿರಲಿಲ್ಲ. ಬೇಗ ಬಂದು, ಕಣ್ಣಿಗೆ ಅಂಟಿಸಿಕೊಂಡು, ಅಷ್ಟನ್ನೂ ಬಾಯಿಪಾಠ ಮಾಡ್ಕೋತಿದ್ದೆ. ಇವತ್ತೂ ಅಷ್ಟೇ. ಇಷ್ಟು ದಿನ ನಾನು ಓದ್ತಿರಲಿಲ್ಲ, ಒಪ್ಪಿಸ್ತಿದ್ದೆ."

ದಿನಾ ಒಂದು ಇಡೀ ವಾರ್ತೆ ಬಾಯಿಪಾಠ! ಜೊತೆಗಿದ್ದ ನನಗೂ ಅದರ ಸುಳಿವಿರಲಿಲ್ಲ. ಅವಳ ಕಾಲಿಗೆ ಬೀಳಬೇಕು ಎನ್ನಿಸಿತು. ಯಾರೂ ಗಮನಿಸಿರಲಿಲ್ಲವಲ್ಲ, ಈಗ ಯಾಕೆ ಹೇಳುತ್ತಿದ್ದೀರಿ ಎಂದು ಮುಖ್ಯಸ್ಥರು ಕೇಳಿದರು.

"ನಾಳೆ ನನ್ನ ದನಿ ನಂಬ್ಕೊಂಡು ಯಾರಾದ್ರೂ ಅಂಥ ಸೇತುವೆ ಮೇಲೆ ಹೋದ್ರೆ?"

ಬೂದಿ ಸಾಹೇಬನ ಮುಖ ಸಣ್ಣಗಾಗಿತ್ತು. ಅವನಿಗೆಂದು ಬೈಗುಳದ ಮೂಟೆಯನ್ನೇ ಕಟ್ಟಿಟ್ಟಿದ್ದೆ; ಬಿಚ್ಚುವ ಮೊದಲೇ ಅವನು ಲ್ಯಾಪ್‌ಟಾಪ್ ತೆರೆದು, ಯಾವ ಬಣ್ಣ ಹಾಕಲಿ ಎಂದು ನನ್ನನ್ನೇ ಕೇಳಿದ. ಅಲ್ಲೇ ನಿಂತು ಬದಲಾಯಿಸಿದೆವು. ಹಿನ್ನೆಲೆ ತಿಳಿ ಕೆನೆ ಬಣ್ಣ, ಅಕ್ಷರ ಅಚ್ಚ ಕಪ್ಪು, ದಪ್ಪ. ತಿದ್ದಿದ ಸಾಲಿಗೆ ಬಣ್ಣದ ನೆಚ್ಚಿಕೆಯೇ ಬೇಡವೆಂದು ಪಕ್ಕದಲ್ಲೊಂದು ಕಪ್ಪು ಪಟ್ಟಿ.

ಮತ್ತೊಮ್ಮೆ ಓದಿ, ಬೇರೆ ಸುದ್ದಿ ಹಾಕಿಸುತ್ತೇನೆ ಎಂದಷ್ಟೇ ಹೇಳಿ ಮುಖ್ಯಸ್ಥರು ಒಳಕೋಣೆಗೆ ಹೋದರು. ಮುಗಿಯಿತು, ಕುರ್ಚಿ ಬಿಡಿಸುವ ಆದೇಶ ಬರೆಸಲು ಹೋದರು ಎಂದುಕೊಂಡೆ.

ಚಿಕ್ಕಮ್ಮ ಓದಲು ಶುರುಮಾಡಿದಳು. ಬಾಯಿಪಾಠವಿಲ್ಲದ ಸುದ್ದಿ. ಮೊದಲ ಸಾಲು ನಿಧಾನ, ಎರಡನೆಯದು ಸ್ವಲ್ಪ ಚುರುಕು, ಆಮೇಲೆ ದನಿ ತನ್ನ ಜಾಗ ಹಿಡಿಯಿತು. ಕಾಣುತ್ತಿದೆ, ಅವಳಿಗೆ ಕಾಣುತ್ತಿದೆ ಎಂದು ನಾನು ಬೂದಿ ಸಾಹೇಬನ ತೋಳು ಹಿಂಡಿದೆ. ಹವಾಮಾನದ ಸುದ್ದಿ ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಕಪ್ಪು ಪಟ್ಟಿ ಮೂಡಿತು, ಪಕ್ಕದಲ್ಲಿ ಹೊಸ ಸಾಲು. ಚಿಕ್ಕಮ್ಮ ಅದನ್ನೂ ವಾರ್ತೆಯ ದನಿಯಲ್ಲೇ ಎತ್ತಿಕೊಂಡಳು.

"ಈ ವಾರ್ತೆಗಳನ್ನು ಓದುತ್ತಿರುವವರೇ ನಾಳೆ ಸಂಜೆಯೂ..."

ಅಲ್ಲಿಗೆ ದನಿ ನಿಂತುಬಿಟ್ಟಿತು. ಮೈಕಿನ ಮುಂದೆ ಅವಳ ಓದು ಹೀಗೆ ನಿಂತದ್ದನ್ನು ನಾನು ಕೇಳಿಯೇ ಇರಲಿಲ್ಲ. ಮುಂದಕ್ಕೆ ಬಾಗಿ, ಆ ಸಾಲಿನ ಕೆಳಗೆ ಬೆರಳಿಟ್ಟು ಮೊದಲಿಂದ ಮತ್ತೆ ನೋಡಿಕೊಂಡಳು. ಆಮೇಲೆ ಉಳಿದ ಒಂದು ಪದವನ್ನು ಓದಿದಳು.

"ಓದುತ್ತಾರೆ."