ಒಂಬತ್ತನೇ ಮಹಡಿಯ ನೆಂಟ

ಬಾಗಿಲಿನ ವಿಷಯದಲ್ಲಿ ನನಗೂ ನನ್ನ ಅತ್ತೆ ದುಲ್ಮಾ ಅವರಿಗೂ ಎಂದೂ ಹೊಂದಿಕೆಯಾಗಲಿಲ್ಲ. ಉಲಾನ್‌ಬಾತರಿನ ಈ ಹೊಸ ಕಟ್ಟಡಕ್ಕೆ ಬಂದ ವಾರವೇ ನನ್ನ ಗಂಡ ಒಚಿರ್, ಅಂಕಿ ಒತ್ತಿದರೆ ತೆರೆಯುವ ಬೀಗ ಹಾಕಿಸಿದ. ಅತ್ತೆ ಒಂದು ಹಳೆಯ ಉಣ್ಣೆಯ ಚಪ್ಪಲಿಯನ್ನು ಸಂದಿಗೆ ಸಿಕ್ಕಿಸಿ ಬಾಗಿಲನ್ನು ಹಗಲೆಲ್ಲ ತೆರೆದೇ ಇಡುತ್ತಿದ್ದರು.

"ಕಳ್ಳ ಬಂದ್ರೆ ಏನ್ಮಾಡ್ತೀರಿ ಅತ್ತೆ?" ಎಂದು ನಾನು ಕೇಳುತ್ತಿದ್ದೆ.

"ಒಂಬತ್ತು ಮಹಡಿ ಹತ್ತಿದ್ರೆ ಕಳ್ಳನಿಗೂ ಬಾಯಾರಿರುತ್ತೆ. ಚಾ ಕೊಡ್ತೀನಿ."

"ಲಿಫ್ಟ್ ಇದೆಯಲ್ಲ."

"ಇದೆ. ಅದು ಓಡಿದ್ದನ್ನ ನೀನು ಯಾವತ್ತು ನೋಡ್ದೆ?"

ಅತ್ತೆ ಹುಟ್ಟಿದ್ದು ಹುಲ್ಲುಗಾವಲಿನ ಗುಡಾರದಲ್ಲಿ. ಹರೆಯದಲ್ಲಿ ಸಹಕಾರಿ ಸಂಘದ ಹಸುಗಳ ಹಾಲು ಕರೆದರು. ಆ ಕಾಲ ಮುಗಿದು ದನಕರುಗಳನ್ನು ಮನೆಮನೆಗೆ ಹಂಚಿದಾಗ ಸ್ವಂತ ಹಿಂಡು ಕಟ್ಟಿದರು. ಒಂದು ಕೆಟ್ಟ ಚಳಿಗಾಲದಲ್ಲಿ ಹಿಂಡೆಲ್ಲ ಸತ್ತುಬಿದ್ದಾಗ ಗುಡಾರವನ್ನು ಲಾರಿಗೆ ಹೇರಿಕೊಂಡು ನಗರದ ಅಂಚಿಗೆ ಬಂದರು, ಅಲ್ಲಿಂದ ಈಗ ಇಲ್ಲಿಗೆ. ಇಷ್ಟೆಲ್ಲ ಬದಲಾದರೂ ಬೆಳಗಾಗುತ್ತಲೇ ಉಪ್ಪು ಹಾಕಿದ ಹಾಲಿನ ಚಾ ಕಾಯಿಸಿ ಫ್ಲಾಸ್ಕಿಗೆ ತುಂಬುವುದು, ಪಕ್ಕದಲ್ಲಿ ಒಣಮೊಸರಿನ ಗಟ್ಟಿಗಳನ್ನು ಇಡುವುದು ಬದಲಾಗಲಿಲ್ಲ. ಯಾರಿಗೆ ಎಂದು ಕೇಳಿದರೆ, "ಯಾರಾದ್ರೂ ಬರ್ತಾರೆ" ಅನ್ನುತ್ತಿದ್ದರು.

ಕಳೆದ ಶರತ್ಕಾಲದಲ್ಲಿ ನಿಜಕ್ಕೂ ಒಬ್ಬರು ಬಂದರು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬಂದರೆ, ನೀಲಿ ನಿಲುವಂಗಿ ತೊಟ್ಟ ಒಬ್ಬ ಮುದುಕ ಸೋಫಾದ ಮೇಲೆ ಕೂತು ಕುಶಲ ಕೇಳುವ ನಮ್ಮ ಪದ್ಧತಿಯಂತೆ ಅತ್ತೆಯೊಂದಿಗೆ ನಶ್ಯದ ಬುಡ್ಡಿ ಬದಲಾಯಿಸಿಕೊಳ್ಳುತ್ತಿದ್ದ. ಮೂಲೆಯಲ್ಲಿ ಇಡೀ ಒಂದು ಕುರಿಯ ಮಾಂಸದ ಚೀಲ.

"ಬಾ ಮಗು," ಎಂದ, ತನ್ನದೇ ಮನೆಯೆಂಬಂತೆ. "ನಾನು ಅರ್ಖಾಂಗಾಯ್‌ನಿಂದ ಬಂದೆ, ದಾಮ್ದಿನ್. ಜೀಪು ಸಿಕ್ತು ಅಂತ ವಾರ ಮುಂಚೇನೇ ಹೊರಟುಬಿಟ್ಟೆ. ಕಣ್ಣಿಗೆ ಪೊರೆ ಬಂದಿದೆ ನೋಡು, ನಿನ್ನ ಮುಖ ಹಿಟ್ಟಿನ ಮುದ್ದೆ ಥರ ಕಾಣ್ತಿದೆ."

ಅತ್ತೆಯ ಕಡೆಯ ನೆಂಟರು ಅರ್ಖಾಂಗಾಯ್ ಪ್ರಾಂತ್ಯದ ತುಂಬ ಇದ್ದಾರೆ. ಅವರಲ್ಲಿ ಒಬ್ಬರಿರಬೇಕು ಅಂದುಕೊಂಡೆ. ನೀವು ಯಾರು, ನಮಗೆ ಏನಾಗಬೇಕು ಎಂದು ಬಂದವರನ್ನು ಕೇಳುವುದು ನಮ್ಮಲ್ಲಿ ಅವರ ಜೇಬು ತಡಕಿದಷ್ಟೇ ಕೆಟ್ಟದ್ದು. ಹುಲ್ಲು ಹೇಗಿದೆ, ಕುರಿಗಳು ಕೊಬ್ಬಿಕೊಂಡಿವೆಯಾ ಎಂದು ಕೇಳಿ, ಹಿಟ್ಟು ನಾದಲು ಅಡುಗೆಮನೆಗೆ ಹೋದೆ.

ಸಂಜೆ ಒಚಿರ್ ಬಂದ. ಅವನೂ ಹುಲ್ಲು, ಕುರಿ ವಿಚಾರಿಸಿದ. ಆಮೇಲೆ ನನ್ನ ಹತ್ತಿರ ಬಂದು, "ಅಜ್ಜನಿಗೆ ನಮ್ಮ ಕೋಣೆ ಕೊಡೋಣ ಕಣೆ, ಸೋಫಾ ಗಟ್ಟಿಯಾಯ್ತು" ಅಂದ. ತನ್ನ ತಾಯಿಯ ಕಡೆಯವರ ಮೇಲೆ ಇವನಿಗೆ ಎಷ್ಟು ಪ್ರೀತಿ ಎಂದು ನನಗೆ ಮೆಚ್ಚಿಕೆಯಾಯಿತು. ಅಂದುಕೊಂಡದ್ದಕ್ಕಿಂತ ಹೆಚ್ಚು ಮಾಂಸದ ಕಡುಬು ಮಾಡಿದೆ. ನನ್ನ ಗಂಡ ಮಾತ್ರ, ಹೆಂಡತಿಯ ತವರಿನ ಮುದುಕನಿಗೆ ಏನೂ ಕಡಿಮೆಯಾಗಬಾರದು ಎಂದು ಹೆಣಗುತ್ತಿದ್ದನಂತೆ. ಅದು ನನಗೆ ಗೊತ್ತಾದದ್ದು ಆಮೇಲೆ.

ದಾಮ್ದಿನಜ್ಜ ಮನೆಗೆ ಹೊಂದಿಕೊಂಡುಬಿಟ್ಟ. ಅಲುಗುತ್ತಿದ್ದ ಮೇಜಿನ ಕಾಲನ್ನು ಮುಟ್ಟಿ ಮುಟ್ಟಿಯೇ ಸರಿಮಾಡಿದ. ಅತ್ತೆಯ ಜೊತೆ ಇಸ್ಪೀಟು ಆಡಿದ. ಎಲೆಗಳನ್ನು ಮೂಗಿಗೆ ತಾಗಿಸಿ ನೋಡಿ, ಆದರೂ ಸೋತು, "ನಿನ್ನತ್ರ ಒಳ್ಳೆ ಕಣ್ಣಿದೆ, ಅದಕ್ಕೇ ಮೋಸ ಮಾಡ್ತೀಯ" ಎಂದು ಅತ್ತೆಯನ್ನು ಛೇಡಿಸಿದ. "ಕಣ್ಣು ಸರಿ ಇದ್ದಾಗ ನೀನೇನು ಗೆದ್ದು ಗುಡ್ಡೆ ಹಾಕ್ತಿದ್ದೆ?" ಎಂದರು ಅತ್ತೆ.

ಅವನ ಕಣ್ಣಿನ ಕೆಲಸ ಬೇಗ ಆಗಲಿ ಎಂದು ನಾನು ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಿಟಕಿಯ ಹಿಂದಿದ್ದ ಹುಡುಗಿ, "ರೋಗಿ ನಿಮಗೆ ಏನಾಗ್ಬೇಕು?" ಎಂದು ಕೇಳಿದಳು.

"ನಮ್ಮತ್ತೆ ಕಡೆಯವರು. ಅವರ ತಮ್ಮನೋ, ದೊಡ್ಡಪ್ಪನ ಮಗನೋ."

"ಹಾಗಲ್ಲ ಮಗು," ಎಂದ ದಾಮ್ದಿನಜ್ಜ. "ನಿನ್ನ ಗಂಡ ನನ್ನ ತಂಗಿಯ ಮಗ ಅಲ್ವಾ? ನಿಮ್ಮತ್ತೆ ತೀರಿಕೊಂಡು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆಯ್ತಲ್ಲ."

"ನಮ್ಮತ್ತೆ ಈಗ ತಾನೇ ನಿಮಗೆ ಚಾ ಕೊಟ್ಟು ಕಳಿಸಿದ್ರಲ್ಲ ಅಜ್ಜ."

"ಅವಳು ನಿನ್ನ ತಾಯಿ ಅಲ್ವಾ?"

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಅಜ್ಜ ಮಾತ್ರ ನಿಧಾನವಾಗಿ ತಲೆಯಾಡಿಸಿ, "ಹಾಗಾದ್ರೆ ನನ್ನ ತಂಗಿ ಮಗ ತುಮೂರ್ ಅಂದ್ರೆ ನಿನ್ನ ಗಂಡ ಅಲ್ಲ. ಒಚಿರ್ ಅನ್ನೋದು ಮನೇಲಿ ಕರೆಯೋ ಹೆಸರು ಅಂದ್ಕೊಂಡಿದ್ದೆ" ಎಂದ. ಅಲ್ಲ ಎಂದೆ. ಅವನ ಹೊಟ್ಟೆ ಮೊದಲು ಕುಲುಕತೊಡಗಿತು, ಆಮೇಲೆ ನನ್ನದು. ಇಬ್ಬರೂ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುವಷ್ಟು ನಕ್ಕೆವು. ಕಿಟಕಿಯ ಹುಡುಗಿ ಬೇಸತ್ತು "ನೆಂಟರು" ಎಂದಷ್ಟೇ ಬರೆದುಕೊಂಡಳು.

ಆದದ್ದಿಷ್ಟೆ. ಜೀಪಿನವನು ಅಜ್ಜನನ್ನು ಇಳಿಸಿದ್ದು ತಪ್ಪು ಬಡಾವಣೆಯಲ್ಲಿ. ರಸ್ತೆಯ ಆಚೆಗೂ ನಮ್ಮದರ ಪಡಿಯಚ್ಚಿನಂಥ ಕಟ್ಟಡಗಳಿವೆ. ತುಮೂರ್ ಇರುವುದು ಅಲ್ಲಿ, ಅದೂ ಒಂಬತ್ತನೇ ಮಹಡಿಯಲ್ಲೇ. ಅಜ್ಜ ಅವನನ್ನು ಚಡ್ಡಿ ಹಾಕುವ ವಯಸ್ಸಿನಲ್ಲಿ ನೋಡಿದ್ದಷ್ಟೆ. ಮಾವ ಮುಂದಿನ ವಾರ ಬರುತ್ತಾನೆಂದು ಅವನು ನಿಶ್ಚಿಂತೆಯಾಗಿದ್ದ.

ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಮೊದಲನೇ ದಿನಾನೇ ಗೊತ್ತಾಯ್ತು. ನಮ್ಮೋರೂ ಅಲ್ಲ, ನಿಮ್ಮೋರೂ ಅಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಅವನು ಎದ್ದು ಹೋಗ್ತಿದ್ದ. ಕಣ್ಣು ಕಾಣದವನು ಈ ಊರಲ್ಲಿ ಮನೆ ಹುಡುಕ್ತಾ ಅಲೀಬೇಕಿತ್ತಾ? ಕಣ್ಣು ಸರಿಹೋದ್ಮೇಲೆ ಹೇಳೋಣ ಅಂತಿದ್ದೆ." ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ಇಸ್ಪೀಟಿಗೂ ಜೊತೆ ಇತ್ತು" ಎಂದರು.

ಒಚಿರ್‌ಗೆ ಹೇಗೆ ಹೇಳುವುದೆಂದು ನನಗೆ ಅಳುಕಿತ್ತು. ಬೀಗ ಹಾಕಿಸಿದವನು ಅವನು. ಅವನು ಕೇಳಿಸಿಕೊಂಡು ತನ್ನ ಹಳೆಯ ಬೂಟಿನ ಕಡೆ ನೋಡಿ, "ನಿಮ್ಮಪ್ಪನ ಕಡೆಯವರು ಅಂತ ನಾನು ನನ್ನ ಹೊಸ ಬೂಟು ಕೊಟ್ಟುಬಿಟ್ಟಿದ್ದೀನಿ" ಎಂದ.

"ವಾಪಸ್ ಕೇಳ್ತೀಯಾ?"

"ಛೇ, ಅದು ಹೇಗೆ ಕೇಳೋದು? ಚಳಿಗಾಲ ಬಂತಲ್ಲ."

ಸುದ್ದಿ ಮುಟ್ಟಿದ ಕೂಡಲೇ ತುಮೂರ್ ಹೆಂಡತಿಯ ಜೊತೆ ಓಡಿಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವರ ಕೈಗೆ ಅತ್ತೆ ಚಾ ಬಟ್ಟಲು ಕೊಟ್ಟು, ಕುಡಿಯುವವರೆಗೆ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. ಆಮೇಲೆ ಜಗಳ ಶುರುವಾಯಿತು. ತಮ್ಮ ನೆಂಟನನ್ನು ತಾವು ಕರೆದೊಯ್ಯುತ್ತೇವೆ ಎಂದು ಅವರು, ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚುವವರೆಗೆ ಕಳಿಸುವುದಿಲ್ಲ ಎಂದು ನಾವು. ಎಲ್ಲರಿಗಿಂತ ಜೋರಾಗಿ ವಾದಿಸಿದವನು ಒಚಿರ್. ಕೊನೆಗೆ ಅಜ್ಜ ನಮ್ಮಲ್ಲೇ ಇರುವುದು, ಅವರು ದಿನಾ ಸಂಜೆ ಇಲ್ಲಿಗೇ ಊಟಕ್ಕೆ ಬರುವುದು ಎಂದಾಯಿತು.

ಕಣ್ಣಿನ ಪಟ್ಟಿ ಬಿಚ್ಚಿದ ಸಂಜೆ ಎಲ್ಲರೂ ಸೇರಿದ್ದೆವು. ಅಜ್ಜ ಒಬ್ಬೊಬ್ಬರನ್ನೇ ಬೆಳಕಿಗೆ ತಿರುಗಿಸಿ ನೋಡಿದ. ಪಕ್ಕಪಕ್ಕ ಕೂತಿದ್ದ ಒಚಿರ್ ಮತ್ತು ತುಮೂರ್ ಮುಂದೆ ನಿಂತು, "ಇಬ್ರಲ್ಲಿ ನನ್ನ ಅಳಿಯ ಯಾರು?" ಎಂದು ಕೇಳಿದ.

ತುಮೂರ್ ಕೈ ಎತ್ತಿದ.

"ಹೌದಾ," ಎಂದು ಅಜ್ಜ ನಿರಾಸೆಯನ್ನು ಮುಚ್ಚಿಡದೆ ಹೇಳಿದ. "ಮೂಗು ನೋಡಿದ್ರೆ ಇವನೇ ನಮ್ಮೋನ ಥರ ಇದಾನೆ."

ತುಮೂರನ ಹೆಂಡತಿ ನಕ್ಕ ರಭಸಕ್ಕೆ ಬಟ್ಟಲಿನ ಚಾ ಮಡಿಲಿಗೆ ಚೆಲ್ಲಿತು.

ಚಳಿಗಾಲವನ್ನು ಅಜ್ಜ ತುಮೂರನ ಮನೆಯಲ್ಲಿ ಕಳೆದ. ಭಾನುವಾರ ಮಾತ್ರ ರಸ್ತೆ ದಾಟಿ ಬಂದು ಅತ್ತೆಯೊಂದಿಗೆ ಇಸ್ಪೀಟು ಆಡುತ್ತಿದ್ದ. ಈಗ ಕಣ್ಣು ಚೆನ್ನಾಗಿ ಕಾಣುತ್ತಿತ್ತು, ಆದರೂ ಸೋಲುತ್ತಿದ್ದ. ವಸಂತದಲ್ಲಿ ಕುರಿಗಳು ಮರಿ ಹಾಕುವ ಹೊತ್ತಿಗೆ ಊರಿಗೆ ಹೊರಟ. ಎರಡೂ ಮನೆಯವರು ಬುತ್ತಿ ಕಟ್ಟಿಕೊಂಡು ಅವನನ್ನು ಬಸ್ಸು ಹತ್ತಿಸಲು ಹೋದೆವು.