ಗಿಣ್ಣು ಹಾಲಿನ ಬಲ

ದನಗಳಿಗೆ ದೊಡ್ಡರೋಗ ಬಂದ ವರ್ಷ ಭೇರ್ಯದ ಕಡೆ ಕೊಟ್ಟಿಗೆಗಳೆಲ್ಲ ಬರಿದಾದವು. ನಮ್ಮ ಕೇರಿಯಲ್ಲಿ ಉಳಿದದ್ದು ರಾಚಮ್ಮನ ಕೆಂಪು ಹಸು. ಅದಕ್ಕೆ ಹಿಂದೊಮ್ಮೆ ಅದೇ ರೋಗ ಬಂದು ವಾಸಿಯಾಗಿತ್ತು. ಸೋಜಿಗವೆಂದರೆ, ಅದರ ಎರಡು ತಿಂಗಳ ಗಂಡುಕರುವಿಗೂ ಏನೂ ಆಗಲಿಲ್ಲ. ಸತ್ತ ದನಗಳ ನಡುವೆ ಅದು ಬಾಲ ಎತ್ತಿಕೊಂಡು ಕುಣಿಯುತ್ತಿತ್ತು. ನಮ್ಮೂರ ಬಾಯಿ ಸುಮ್ಮನಿರುತ್ತದೆಯೇ? ‘ರೋಗ ಗೆದ್ದ ಕರು’ ಎಂದು ಸಾರಿದ್ದೇ ಸಾರಿದ್ದು.

ಗಂಡ ಸತ್ತ ರಾಚಮ್ಮನಿಗೆ ಆ ಕರುವೇ ಆಸೆ. ಮಗ ನಿಂಗರಾಜು ಬಿಳಿಕೆರೆಯಲ್ಲಿ ಯಾರದೋ ಮನೆಯ ಆಳಾಗಿದ್ದ. ಕರು ಬೆಳೆದು, ಪಕ್ಕದ ಮನೆಯ ಮಂಗಳಮ್ಮ ಆಮೇಲೆ ತಂದ ಹೋರಿಗೆ ಜೋಡಿಯಾದರೆ ಎರಡು ಮನೆಯ ಹೊಲವನ್ನೂ ಉಳಬಹುದು, ಮಗ ಊರಿಗೆ ಬರಬಹುದು. ತಾನು ಅರೆಹೊಟ್ಟೆ ಉಂಡು ಅದಕ್ಕೆ ಹುರುಳಿ ಬೇಯಿಸಿ ಹಾಕಿದಳು.

ಎರಡು ವರ್ಷ ಕಳೆದು, ಹೋರಿಯ ಹೆಗಲಿಗೆ ನೊಗ ಇಡುವ ಹೊತ್ತಿಗೆ ದೊಡ್ಡರೋಗ ಮತ್ತೆ ಬಂತು. ಮಹಾರಾಜರ ಸರ್ಕಾರದ ದನದ ಡಾಕ್ಟರು ಸೂಜಿಮದ್ದು ತಂದರು. ಸಾಲಿನ ಕೊನೆಗೆ ರಾಚಮ್ಮನ ಹೋರಿ, ಮಂಗಳಮ್ಮನ ಹೋರಿ ನಿಂತಿದ್ದಾಗ ಸೀಸೆಯಲ್ಲಿ ಒಂದಕ್ಕೆ ಆಗುವಷ್ಟೇ ಉಳಿದಿತ್ತು.

“ಯಾವುದಕ್ಕಾದರೂ ರೋಗ ಬಂದು ಹೋಗಿದೆಯೇನಮ್ಮ? ಹೋಗಿದ್ದರೆ ಅದಕ್ಕೆ ಮದ್ದು ಬೇಡ,” ಎಂದರು ಡಾಕ್ಟರು.

“ನಂದು ಗೆದ್ದಿರೋದು ಕಣ್ರೀ ಸೋಮಿ,” ಎಂದಳು ರಾಚಮ್ಮ. “ಮಂಗಳಕ್ಕನ್ದುಕ್ಕೆ ಆಕ್ಬುಡಿ. ಜೊತೆದು ಸತ್ತೋದ್ರೆ ನಾನು ಒಂದ್ರಲ್ಲಿ ಏನ್ ಉಳಾನ?”

ನಾವೆಲ್ಲ ಬುದ್ಧಿವಂತರ ಹಾಗೆ ತಲೆಯಾಡಿಸಿದೆವು.

ಕೆಲವೇ ದಿನಗಳಲ್ಲಿ ರಾಚಮ್ಮನ ಹೋರಿಯ ಬಾಯೆಲ್ಲ ಹುಣ್ಣಾಯಿತು. ಡಾಕ್ಟರು ಮತ್ತೆ ಬಂದಾಗ ಅದು ರಕ್ತಭೇದಿಯಲ್ಲಿ ಬಿದ್ದಿತ್ತು.

“ಹೋದ ಸಲ ಇದಕ್ಕೆ ಹೀಗೆ ಹುಣ್ಣು, ಭೇದಿ ಆಗಿತ್ತೇ?”

“ಏನೂ ಆಗ್ಲೇ ಇಲ್ಲ. ಅದ್ಕೇ ಅಲ್ವಾ ಗೆದ್ದದೆ ಅಂದಿದ್ದು?”

ಡಾಕ್ಟರು ಹೋರಿಯ ಪಕ್ಕದಲ್ಲೇ ಕುಕ್ಕರಿಸಿದರು. “ಆಗ ಇದನ್ನು ಕಾಪಾಡಿದ್ದು ತಾಯಿಯ ಬಲ. ಗಿಣ್ಣು ಹಾಲಲ್ಲಿ ಬಂದದ್ದು. ತಿಂಗಳು ಕಳೆದ ಹಾಗೆ ಅದು ಇಳಿದುಹೋಗುತ್ತದಮ್ಮ. ತನ್ನದೇ ಬಲ ಬರಬೇಕಾದರೆ ರೋಗ ಬಂದು ಬದುಕಬೇಕು, ಇಲ್ಲ ಮೊದಲೇ ಮದ್ದು ಬಿದ್ದಿರಬೇಕು.”

“ಈಗಾದ್ರೂ ಆಕಿ ಮದ್ದ.”

“ಹೊತ್ತು ಮೀರಿತು.”

ಸಂಜೆಗೆ ಹೋರಿ ಸತ್ತಿತು. ಕೆಂಪು ಹಸು ಅದರ ಮೂತಿಯನ್ನು ನೆಕ್ಕುತ್ತಲೇ ಇತ್ತು. ಅದಕ್ಕೆ ಏನೂ ಆಗಲಿಲ್ಲ. ಮಳೆ ಬಿದ್ದಾಗ ಮಂಗಳಮ್ಮನ ಹೋರಿ ನಮ್ಮ ಕೇರಿಯವನೇ ಆದ ಮಂಟಯ್ಯನ ಎತ್ತಿನ ಜೊತೆ ನೊಗಕ್ಕೆ ಹೋಯಿತು. ನಿಂಗರಾಜು ಬರಲಿಲ್ಲ.

ಮುಂದೆ ಹಸು ಮತ್ತೆ ಕರು ಹಾಕಿತು. ಗಿಣ್ಣು ಕೇಳಲು ಪಾತ್ರೆ ಹಿಡಿದು ಹೋದವರನ್ನೆಲ್ಲ ರಾಚಮ್ಮ ಬೈದು ಅಟ್ಟಿದಳು. ಒಂದು ತೊಟ್ಟೂ ಕರೆಯದೆ ಎಲ್ಲವನ್ನೂ ಕರುವಿಗೇ ಬಿಟ್ಟು, ಅದರ ಬೆನ್ನಿನ ಮೇಲೆ ಕೈಯಿಟ್ಟು ಕೂತಿದ್ದಳು. ಕರು ಹೆಣ್ಣು.